ಆರು ಅಡಿಯ ಹತ್ತಿ ಬೆಲ್ಟು: ಎಂಟು ತಿಂಗಳು ಹಿಡಿದು ನಡೆದ ಮೇಲೆ

ಮೂರು ವರ್ಷದಲ್ಲಿ ನಾಯಿಗೆ ಅಂತ ನಾಲ್ಕು ಬೆಲ್ಟು ಕೊಂಡಿದ್ದೇನೆ. ಮೂರು ಕೆಲಸಕ್ಕೆ ಬರಲಿಲ್ಲ. ನಾಲ್ಕನೆಯದು ಹಳೇ ದಾವಣಗೆರೆಯ ಒಂದು ಹಗ್ಗದ ಅಂಗಡಿಯಲ್ಲಿ ಹೊಲಿಸಿದ್ದು. ಆರು ಅಡಿ ಉದ್ದ, ಒಂದು ಇಂಚು ಅಗಲ, ದಪ್ಪ ಹತ್ತಿ ಪಟ್ಟಿ, ತುದಿಗೆ ಹಿತ್ತಾಳೆ ಕೊಂಡಿ. 420 ರೂಪಾಯಿ. ಎಂಟು ತಿಂಗಳಿಂದ ದಿನಕ್ಕೆ ಎರಡು ಸಲ ಇದನ್ನೇ ಹಿಡಿದು ವಾಕಿಂಗ್ ಹೋಗುತ್ತಿದ್ದೇನೆ. ಧೈರ್ಯವಾಗಿ ಕೊಳ್ಳಿ ಅಂತ ಹೇಳುತ್ತೇನೆ. ಕೊರತೆಗಳೂ ಇವೆ, ಅವನ್ನು ಕೊನೆಗೆ ಬರೆಯುತ್ತೇನೆ.

ನಮ್ಮ ನಾಯಿ ಮುಧೋಳ ತಳಿ. ಹೆಸರು ಚೆನ್ನಿ. ನಾಲ್ಕನೇ ವರ್ಷ ನಡೆಯುತ್ತಿದೆ, 24 ಕೆಜಿ ತೂಕ. 2005ರಲ್ಲಿ ಅಂಚೆ ಇಲಾಖೆ ನಮ್ಮ ದೇಶದ ನಾಲ್ಕು ನಾಯಿ ತಳಿಗಳ ಸ್ಟಾಂಪು ತಂದಾಗ ಅದರಲ್ಲಿ ಮುಧೋಳವೂ ಇತ್ತು. ನಮ್ಮ ಕರ್ನಾಟಕದ ನಾಯಿ ಅಂತ ನನಗೆ ತುಂಬಾ ಹೆಮ್ಮೆ. ಆದರೆ ಈ ನಾಯಿ ಮೂಸಿಕೊಂಡು ಹೋಗಿ ಬೇಟೆ ಹುಡುಕುವ ಜಾತಿ ಅಲ್ಲ, ಕಣ್ಣಲ್ಲಿ ನೋಡಿ ಓಡುವ ಜಾತಿ. ದೂರದಲ್ಲಿ ಏನೋ ಸರಕ್ಕನೆ ಸರಿದರೆ ಸಾಕು, ಅದು ಮೊಲ ಆಗಿರಲಿ, ಹಂದಿಮರಿ ಆಗಿರಲಿ, ಸೈಕಲ್ ತುಳಿಯುವ ಹುಡುಗ ಆಗಿರಲಿ, ಕಿವಿ ಹಿಂದಕ್ಕೆ ಹೋಗುತ್ತದೆ, ಮೈ ಬಿಗಿಯುತ್ತದೆ, ಮರುಕ್ಷಣ ನಾಯಿ ಅಲ್ಲಿ ಇರುವುದೇ ಇಲ್ಲ. ಆಗ ಹೆಸರು ಹಿಡಿದು ಎಷ್ಟು ಕೂಗಿದರೂ ಅದಕ್ಕೆ ಕೇಳುವುದಿಲ್ಲ. ಮನೆಯಲ್ಲಿ ಅಮ್ಮನ ಕಾಲ ಹತ್ತಿರ ಮಲಗಿಕೊಂಡು ಒಂದೊಂದೇ ಕಾಳು ಮಂಡಕ್ಕಿ ತಿನ್ನುವ ಚೆನ್ನಿನೇ ಇದು ಅಂದರೆ ನಂಬುವುದು ಕಷ್ಟ.

ಇಷ್ಟನ್ನು ಯಾಕೆ ಹೇಳಿದೆ ಅಂದರೆ, ನಾನು ಮೊದಲು ಕೊಂಡಿದ್ದು ಇಂಥ ನಾಯಿಗೆ ತಕ್ಕದ್ದೇ ಅಲ್ಲದ ವಸ್ತು. ಪ್ಲಾಸ್ಟಿಕ್ ಹಿಡಿಯೊಳಗೆ ತೆಳು ದಾರ ಸುತ್ತಿಕೊಂಡಿರುತ್ತದೆ, ನಾಯಿ ಮುಂದೆ ಹೋದ ಹಾಗೆ ದಾರ ಬಿಚ್ಚಿಕೊಳ್ಳುತ್ತದೆ, ಬಟನ್ ಒತ್ತಿದರೆ ನಿಲ್ಲುತ್ತದೆ. ಐದು ಮೀಟರ್. ಅಂಗಡಿಯವರು ನಾಯಿಗೆ ಸ್ವಾತಂತ್ರ್ಯ ಸಿಗುತ್ತದೆ ಅಂದರು. ನನಗೂ ಸರಿ ಅನ್ನಿಸಿತು. 1,300 ರೂಪಾಯಿ ಕೊಟ್ಟೆ.

ಹದಿನೈದು ದಿನ ಚೆನ್ನಾಗಿಯೇ ಇತ್ತು. ಒಂದು ಬೆಳಿಗ್ಗೆ ಶಾಮನೂರು ಕಡೆ ಹೋಗುವಾಗ ಖಾಲಿ ಸೈಟಿನ ಪೊದೆಯಿಂದ ಹಂದಿಮರಿ ಹೊರಗೆ ಬಂತು. ಚೆನ್ನಿ ಹಾರಿದಳು. ನಾನು ಬಟನ್ ಒತ್ತುವ ಹೊತ್ತಿಗೆ ಐದು ಮೀಟರೂ ಮುಗಿದಿತ್ತು. ಅಷ್ಟು ವೇಗದಲ್ಲಿ ಓಡಿದ 24 ಕೆಜಿ ನಾಯಿ ದಾರದ ತುದಿಗೆ ಬಂದು ಜಗ್ಗಿದರೆ ಕೈಯಲ್ಲಿ ಏನು ನಿಲ್ಲುತ್ತದೆ? ಹಿಡಿ ಕಿತ್ತುಕೊಂಡು ಹೋಯಿತು. ಎದುರಿಗೆ ಬರುತ್ತಿದ್ದ ಹಿರಿಯರೊಬ್ಬರ ಮೀನಖಂಡಕ್ಕೆ ಆ ದಾರ ಸುತ್ತಿ ಉಜ್ಜಿಕೊಂಡು ಹೋಗಿ, ಬಿಸಿ ತಂತಿಯಿಂದ ಸುಟ್ಟ ಹಾಗೆ ಕೆಂಪು ಗೆರೆ ಎದ್ದಿತು. ಇನ್ನೂ ಕೆಟ್ಟದ್ದು ಆಮೇಲೆ ಆಯಿತು. ಪ್ಲಾಸ್ಟಿಕ್ ಹಿಡಿ ಟಾರಿನ ಮೇಲೆ ಟಕಟಕ ಅಂತ ಬಡಿದುಕೊಂಡು ಚೆನ್ನಿಯ ಹಿಂದೆಯೇ ಬರುತ್ತಿತ್ತು. ಅದು ತನ್ನನ್ನೇ ಅಟ್ಟಿಸಿಕೊಂಡು ಬರುತ್ತಿದೆ ಅಂದುಕೊಂಡು ಅವಳು ಇನ್ನೂ ಜೋರಾಗಿ ಓಡಿದಳು. ದೊಡ್ಡ ರಸ್ತೆ ದಾಟಿದಳು. ಲಾರಿಯೊಂದು ಬ್ರೇಕ್ ಹಾಕಿದ ಸದ್ದು ನನಗೆ ಕೇಳಿಸಿತು, ಕಾಲು ನಡುಗಿ ಅಲ್ಲೇ ಕೂತುಬಿಟ್ಟೆ. ಇಪ್ಪತ್ತು ನಿಮಿಷ ಆದ ಮೇಲೆ ಎಳನೀರು ಗಾಡಿಯ ಕೆಳಗೆ ಸಿಕ್ಕಳು. ಮೈಯೆಲ್ಲ ನಡುಕ, ಒಂದು ಉಗುರು ಕಿತ್ತಿತ್ತು.

ಆ ಹಿರಿಯರನ್ನು ನಾನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಬೈಯಲಿಲ್ಲ ಅವರು. "ನಾಯಿ ಸಿಕ್ತಾ ಮೊದಲು?" ಅಂತ ಕೇಳಿದರು. ಅದು ಇವತ್ತಿಗೂ ನೆನಪಿದೆ.

ತಪ್ಪು ನನ್ನದೇ. ಆದರೆ ವಸ್ತುವಿನ ಬಗ್ಗೆಯೂ ಹೇಳಲೇಬೇಕು. ಇಂಥ ಬೆಲ್ಟಿನ ದಾರ ಓಡುತ್ತಿರುವಾಗ ಕೈಯಲ್ಲಿ ಹಿಡಿಯಲು ಹೋಗಿ ಬೆರಳು ಕತ್ತರಿಸಿಕೊಂಡವರೂ ಇದ್ದಾರೆ. ದಾರ ಯಾವಾಗಲೂ ಸ್ವಲ್ಪ ಬಿಗಿಯಾಗಿಯೇ ಇರುವುದರಿಂದ ಎಳೆದರೆ ಮುಂದೆ ಹೋಗಬಹುದು ಅಂತಲೇ ನಾಯಿ ಕಲಿಯುತ್ತದೆ. ಐದು ಮೀಟರ್ ದೂರದಲ್ಲಿರುವ ನಾಯಿ ನಮ್ಮ ಹಿಡಿತದಲ್ಲಿ ಇಲ್ಲ. ನಮ್ಮೂರಿನ ರಸ್ತೆಯ ಅಗಲ ಎಷ್ಟಿದೆ? ನೀವು ಈ ಬದಿ ನಿಂತಿದ್ದರೆ ನಾಯಿ ಬೈಕು ಹೋಗುವ ಜಾಗದಲ್ಲಿ ಇರುತ್ತದೆ.

ಎರಡನೆಯದು ಕಬ್ಬಿಣದ ಚೈನು. ಗಟ್ಟಿ ಅನ್ನುವ ಒಂದೇ ಕಾರಣಕ್ಕೆ ತಂದೆ. ಏಪ್ರಿಲ್ ತಿಂಗಳ ನಮ್ಮೂರಿನ ಬಿಸಿಲಲ್ಲಿ ಚೈನು ಮುಟ್ಟಿ ನೋಡಿ, ಗೊತ್ತಾಗುತ್ತದೆ. ಮುಧೋಳಕ್ಕೆ ಕೂದಲು ತೀರಾ ಚಿಕ್ಕದು, ಚರ್ಮ ತೆಳು. ಕತ್ತಿನ ಹತ್ತಿರ ಕೂದಲು ಉದುರಿ ಹುಣ್ಣಾಗಲು ಶುರುವಾಯಿತು. ಎಳೆದಾಗ ನನ್ನ ಬೆರಳ ಸಂದಿ ಕಚ್ಚುತ್ತಿತ್ತು. ಒಂದೂವರೆ ತಿಂಗಳಿಗೆ ಬಿಟ್ಟೆ.

ಮೂರನೆಯದು ನೈಲಾನ್. 180 ರೂಪಾಯಿ, ನೋಡಲು ಚೆಂದ. ಪಟ್ಟಿಗೆ ಏನೂ ಆಗಲಿಲ್ಲ, ತುದಿಯ ಕೊಂಡಿ ಮುರಿಯಿತು. ಬೆಳ್ಳಿ ಬಣ್ಣದ ಹೊಳೆಯುವ ಕೊಂಡಿ, ಒಳಗೆ ಅಚ್ಚಿಗೆ ಹೊಯ್ದ ಅಗ್ಗದ ಲೋಹ. ಅದು ಬಾಗುವುದಿಲ್ಲ, ಒಂದೇ ಸಲ ಪಟ್ ಅಂತ ತುಂಡಾಗುತ್ತದೆ. ಅದು ಮುರಿದ ದಿನ ಏನಾಯಿತು ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಈ ವಿಮರ್ಶೆ ಬರೆಯಲು ಕೂತಿದ್ದೇ ಅದಕ್ಕೆ.

ನಮ್ಮ ಬೀದಿಯ ಆ ತುದಿಯಲ್ಲಿ ಒಂದು ಲ್ಯಾಬ್ರಡಾರ್ ಇದೆ. ಒಳ್ಳೆಯ ನಾಯಿ, ನಿಜವಾಗಿಯೂ ಒಳ್ಳೆಯ ನಾಯಿ. ಮನೆಯವರು ಸಂಜೆ ಗೇಟು ತೆಗೆದು ಸುಮ್ನೆ ಬಿಡುತ್ತಿದ್ದರು. ಅದು ಎಲ್ಲರ ಹತ್ತಿರ ಓಡಿ ಬರುವುದು, ಮೈಮೇಲೆ ಎಗರುವುದು. ಹಿಂದೆ ಯಜಮಾನರು ನಿಧಾನವಾಗಿ ಬರುತ್ತಾ "ಏನೂ ಮಾಡಲ್ಲ, ಏನೂ ಮಾಡಲ್ಲ, ಹೆದರಬೇಡಿ" ಅನ್ನುವುದು. ಆ ಸಂಜೆ ಅದು ಚೆನ್ನಿಯ ಮುಖಕ್ಕೆ ಮುಖ ಕೊಟ್ಟು ನುಗ್ಗಿತು. ಆಟಕ್ಕೆ ಬಂದಿತ್ತು ಅಂತ ನನಗೂ ಗೊತ್ತು. ಆದರೆ ಕಟ್ಟಿಹಾಕಿರುವ ನಾಯಿಗೆ ಬಿಚ್ಚಿಬಿಟ್ಟ ನಾಯಿ ಎದುರಾದರೆ ಹೇಗಿರುತ್ತದೆ ಯೋಚನೆ ಮಾಡಿ. ಇದಕ್ಕೆ ಓಡಲು ಆಗುವುದಿಲ್ಲ, ಪಕ್ಕಕ್ಕೆ ಸರಿಯಲೂ ಆಗುವುದಿಲ್ಲ. ಉಳಿಯುವುದು ಹಲ್ಲು ಒಂದೇ. ಚೆನ್ನಿ ಗುರ್ ಅಂದು ಜಗ್ಗಿದಳು, ಕೊಂಡಿ ತುಂಡಾಯಿತು, ಎರಡೂ ಉರುಳಾಡಿದವು. ಪಕ್ಕದಲ್ಲಿ ಸೈಕಲ್ ಮೇಲೆ ನಿಂತಿದ್ದ ಎಂಟು ವರ್ಷದ ಹುಡುಗ ಬಿದ್ದ. ಕಚ್ಚಲಿಲ್ಲ. ಆದರೆ ಯಾವುದೋ ಒಂದರ ಉಗುರು ಅವನ ಮೊಣಕೈಗೆ ತಾಗಿ ರಕ್ತ ಬಂತು.

ಗೀರು ಅಷ್ಟೇ ಅಲ್ವಾ ಅಂತ ಬಿಡುವ ಹಾಗಿಲ್ಲ. ರೇಬೀಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಆಮೇಲೆ ಬದುಕಿಸುವುದು ಹೆಚ್ಚೂ ಕಡಿಮೆ ಆಗದ ಮಾತು. ಮೊದಲ ಕೆಲಸ ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯುವುದು. ನಲ್ಲಿ ಕೆಳಗೆ ಅವನ ಕೈ ಹಿಡಿದುಕೊಂಡು ನಾನೇ ತೊಳೆದೆ, ಅವನು ಅಳುತ್ತಾ ಇದ್ದ. ಅರಿಶಿನ, ಸುಣ್ಣ, ಮೆಣಸಿನಪುಡಿ ಯಾವುದೂ ಬೇಡ, ದಯವಿಟ್ಟು. ಆಮೇಲೆ ಆಸ್ಪತ್ರೆ. ಎರಡೂ ನಾಯಿಗೆ ವರ್ಷಕ್ಕೊಮ್ಮೆ ರೇಬೀಸ್ ಲಸಿಕೆ ಹಾಕಿಸಿದ ಪುಸ್ತಕ ಇತ್ತು. ಆದರೂ ಡಾಕ್ಟರು ಮಗುವಿನ ವಿಷಯದಲ್ಲಿ ಕಾಯುವುದು ಬೇಡ ಅಂದು ಇಂಜೆಕ್ಷನ್ ಶುರು ಮಾಡಿದರು. ಮೊದಲ ದಿನ, ಆಮೇಲೆ ಮೂರನೇ ದಿನ, ಏಳನೇ ದಿನ, ಇಪ್ಪತ್ತೆಂಟನೇ ದಿನ. ಹುಡುಗನ ಅಮ್ಮ ಬೀಡಿ ಕಟ್ಟಿ ಸಂಸಾರ ಮಾಡುವವರು. ನಾಲ್ಕು ದಿನದ ದುಡಿಮೆ ಹೋಯಿತು. ಆ ದುಡ್ಡು ನಾವು ಎರಡೂ ಮನೆಯವರು ಕೊಟ್ಟೆವು. ಆದರೆ ಹುಡುಗ ಎಷ್ಟೋ ದಿನ ನಮ್ಮ ಗೇಟಿನ ಮುಂದೆ ಹಾದುಹೋಗುತ್ತಲೇ ಇರಲಿಲ್ಲ, ಶಾಲೆಗೆ ಸುತ್ತಿಕೊಂಡು ಹೋಗುತ್ತಿದ್ದ. ಅದಕ್ಕೆ ಏನು ಕೊಡುವುದು?

"ಏನೂ ಮಾಡಲ್ಲ" ಅನ್ನುವವರಿಗೆ ನನ್ನದು ಒಂದೇ ಮಾತು. ನಿಮ್ಮ ನಾಯಿ ಏನು ಮಾಡುತ್ತದೆ ಅಂತ ನಿಮಗೆ ಗೊತ್ತು. ಎದುರಿಗೆ ಬರುವವರಿಗೆ ಗೊತ್ತಿಲ್ಲ. ಮೊಣಕಾಲು ಆಪರೇಷನ್ ಆಗಿ ಕೋಲು ಹಿಡಿದು ನಡೆಯುವ ಅಜ್ಜಿಗೆ ನಾಯಿ ಕಚ್ಚಲೇಬೇಕು ಅಂತಿಲ್ಲ, ಪ್ರೀತಿಯಿಂದ ಎಗರಿದರೂ ಸಾಕು, ಸೊಂಟ ಮುರಿಯುತ್ತದೆ. ಚಿಕ್ಕವರಿದ್ದಾಗ ಕಚ್ಚಿಸಿಕೊಂಡವರಿಗೆ ನಾಯಿ ಹತ್ತಿರ ಬಂದರೇ ಎದೆ ಹೊಡೆದುಕೊಳ್ಳುತ್ತದೆ. ಅವರಿಗೆ ಕಾಣಬೇಕಾದ್ದು ನಿಮ್ಮ ಕೈಯಲ್ಲಿರುವ ಬೆಲ್ಟು. ಅದು ಕಂಡರೆ ಅವರು ಅರ್ಧ ನಿರಾಳ ಆಗುತ್ತಾರೆ.

ಕಾನೂನೂ ಇದೆ. ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ 291ನೇ ಕಲಂ ಪ್ರಕಾರ, ತನ್ನ ಹತ್ತಿರ ಇರುವ ಪ್ರಾಣಿಯಿಂದ ಜನರಿಗೆ ಅಪಾಯ ಆಗದ ಹಾಗೆ ನೋಡಿಕೊಳ್ಳದೆ ಅಸಡ್ಡೆ ಮಾಡಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಳೆಯ ದಂಡ ಸಂಹಿತೆಯಲ್ಲಿ ಇದು 289ನೇ ಕಲಂ ಆಗಿತ್ತು, ದಂಡ 1,000 ಇತ್ತು.

ಈಗ ನಾಲ್ಕನೆಯದಕ್ಕೆ ಬರುತ್ತೇನೆ. ಕೊಂಡಿ ಮುರಿದ ಮೇಲೆ ಪೇಟೆಯ ಎರಡು ಅಂಗಡಿ, ಫೋನಿನಲ್ಲಿ ಮೂರು ನಾಲ್ಕು ಕಡೆ ನೋಡಿದೆ. ಎಲ್ಲಾ ಕಡೆ ಅದೇ ಹೊಳೆಯುವ ಕೊಂಡಿ. ಅಪ್ಪ ಅಂದರು, "ಎತ್ತಿಗೆ ಕಣ್ಣಿ ತರೋ ಕಡೆ ಹೋಗಿ ಕೇಳು, ಅಲ್ಲಿ ಮೋಸ ಇಲ್ಲ." ಅಪ್ಪ ಹರಪನಹಳ್ಳಿ ಕಡೆಯ ರೈತರು, ನಮ್ಮ ಮನೆಯಲ್ಲಿ ನಾಲ್ಕು ಎತ್ತು ಇದ್ದ ಕಾಲ ನೋಡಿದವರು. ಅವರು ಹೇಳಿದ ಅಂಗಡಿಗೆ ಬೋರ್ಡೂ ಇಲ್ಲ. ಹೊರಗೆ ಮೂಗುದಾರ, ಹಣೆಗೊಂಡೆ, ಗೆಜ್ಜೆಸರ, ಬಾರುಕೋಲು, ಬಾವಿ ಹಗ್ಗ ತೂಗುಬಿಟ್ಟಿರುತ್ತಾರೆ. ಒಳಗೆ ಎಪ್ಪತ್ತು ದಾಟಿದ ಯಜಮಾನರು, ಅವರ ಮೊಮ್ಮಗ. ನಾಯಿ ಬೆಲ್ಟು ಅಂದ ಕೂಡಲೇ ಅವರು ಕೇಳಿದ್ದು ಬಣ್ಣ ಅಲ್ಲ, ಬೆಲೆ ಅಲ್ಲ. "ಜಗ್ತೈತಾ, ಎಗರ್ತೈತಾ?" ಅಂದರು. ಎರಡಕ್ಕೂ ವ್ಯತ್ಯಾಸ ಇದೆ ಅಂತ ಅವರು ಹೇಳುವವರೆಗೆ ನನಗೆ ಹೊಳೆದೇ ಇರಲಿಲ್ಲ. ಜಗ್ಗುವುದು ನಿಧಾನವಾಗಿ ಬೀಳುವ ಭಾರ, ಅದಕ್ಕೆ ಪಟ್ಟಿ ಗಟ್ಟಿ ಇರಬೇಕು. ಎಗರುವುದು ಒಂದೇ ಏಟಿಗೆ ಬೀಳುವ ಭಾರ, ಅದು ಹೋಗಿ ಕೂರುವುದು ಹೊಲಿಗೆಯ ಮೇಲೆ, ಕೊಂಡಿಯ ಮೇಲೆ. ಹಗ್ಗ ನಡುವೆ ಹರಿದಿದ್ದನ್ನು ನೋಡಿದ್ದು ಕಡಿಮೆಯಂತೆ, ಹರಿಯುವುದು ಯಾವಾಗಲೂ ಕಟ್ಟಿದ ಜಾಗದಲ್ಲಿ.

ಮೊಮ್ಮಗ ಡಬ್ಬದಿಂದ ಮೂರು ಕೊಂಡಿ ತೆಗೆದು ಕೈಗೆ ಕೊಟ್ಟ. ತೂಕದಲ್ಲೇ ಗೊತ್ತಾಗುತ್ತದೆ, ಹಿತ್ತಾಳೆಯದು ಭಾರ. ಬುಡದಲ್ಲಿ ಸುತ್ತ ತಿರುಗುವ ಹಾಗೆ ಇದೆ, ನಾಯಿ ಹೊರಳಿದರೂ ಪಟ್ಟಿ ಮುರುಚಿಕೊಳ್ಳುವುದಿಲ್ಲ. ಹತ್ತಿ ಪಟ್ಟಿಯನ್ನು ಮಡಚಿ, ಚೌಕ ಹೊಲಿದು, ಚೌಕದ ಒಳಗೆ ಮೂಲೆಯಿಂದ ಮೂಲೆಗೆ ಅಡ್ಡ ಹೊಲಿದರು. ಎರಡೂ ತುದಿಗೆ ಹಾಗೇ. ಯಾವ ಬೆಲ್ಟು ಕೊಂಡರೂ ಈ ಗುಣಿಸು ಗುರುತಿನ ಹೊಲಿಗೆ ಇದೆಯಾ ನೋಡಿ. ಬರೀ ಎರಡು ಸಾಲು ನೇರ ಹೊಲಿಗೆ ಇದ್ದರೆ ವಾಪಸ್ ಇಡಿ.

ಅದೇ ಅಂಗಡಿಯಲ್ಲಿ ಕತ್ತಿನ ಪಟ್ಟಿಯನ್ನೂ ಮಾಡಿಸಿದೆ. ಇದು ಮುಧೋಳ ಸಾಕಿದವರಿಗೆ ತುಂಬಾ ಮುಖ್ಯ. ಈ ನಾಯಿಯ ತಲೆ ಸಪೂರ, ಕತ್ತು ಹೆಚ್ಚೂ ಕಡಿಮೆ ತಲೆಯಷ್ಟೇ ದಪ್ಪ. ಮಾಮೂಲಿ ಕಾಲರ್ ಹಾಕಿದರೆ ಹಿಂದಕ್ಕೆ ಎರಡು ಹೆಜ್ಜೆ ಇಟ್ಟು ತಲೆ ಕೊಡವಿ ಕಳಚಿಕೊಂಡು ಬಿಡುತ್ತದೆ. ಅದಕ್ಕೆ ಬೇಕಾದ್ದು ಮಾರ್ಟಿಂಗೇಲ್ ಅನ್ನುವ ಪಟ್ಟಿ. ದೊಡ್ಡ ಸುತ್ತಿಗೆ ಒಂದು ಚಿಕ್ಕ ಸುತ್ತು ಸೇರಿಸಿರುತ್ತಾರೆ, ನಾಯಿ ಜಗ್ಗಿದಾಗ ಮಾತ್ರ ಚಿಕ್ಕ ಸುತ್ತು ದೊಡ್ಡದನ್ನು ಬಿಗಿ ಮಾಡುತ್ತದೆ, ಅದೂ ಕತ್ತಿನ ಅಳತೆಗೆ ಬಂದು ನಿಲ್ಲುತ್ತದೆ, ಉಸಿರು ಕಟ್ಟುವುದಿಲ್ಲ. ಫೋನಿನಲ್ಲಿ ಚಿತ್ರ ತೋರಿಸಿದೆ. ಯಜಮಾನರು ನೋಡಿ ಅರ್ಧ ಗಂಟೆಯಲ್ಲಿ ಹೊಲಿದುಕೊಟ್ಟರು. 160 ರೂಪಾಯಿ. ಮನೆಗೆ ಬಂದ ಕೂಡಲೇ ಇದನ್ನು ಬಿಚ್ಚಿಡಬೇಕು. ಆ ಚಿಕ್ಕ ಸುತ್ತು ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಅಪಾಯ. ಪಗ್, ಪೊಮೇರಿಯನ್ ತರದ ಚಿಕ್ಕ ನಾಯಿಗಳಿಗೆ ಕತ್ತಿನ ಪಟ್ಟಿಗಿಂತ ಎದೆಗೆ ಹಾಕುವ ಹಾರ್ನೆಸ್ ಒಳ್ಳೆಯದು, ಗಂಟಲಿನ ನಾಳಕ್ಕೆ ಪೆಟ್ಟಾಗುವುದಿಲ್ಲ. ಕಾಲರ್ ಯಾವುದೇ ಇರಲಿ, ಕತ್ತಿಗೂ ಪಟ್ಟಿಗೂ ನಡುವೆ ನಿಮ್ಮ ಎರಡು ಬೆರಳು ಹೋಗಬೇಕು.

ಆರು ಅಡಿ ಯಾಕೆ ಅಂತ ಕೆಲವರು ಕೇಳಿದರು. ನಾಲ್ಕು ಅಡಿ ಸಂತೆ, ಬಸ್‌ಸ್ಟ್ಯಾಂಡ್ ತರದ ಜಾಗಕ್ಕೆ ಸರಿ, ಆದರೆ ನಾಯಿಗೆ ಮೂಸಲು ಜಾಗ ಸಾಲುವುದಿಲ್ಲ. ಆರು ಅಡಿಯಲ್ಲಿ ಅದು ಗಿಡ, ಕಂಬ ಎಲ್ಲ ಮೂಸಿಕೊಂಡು ಬರುತ್ತದೆ, ಬೈಕ್ ಬಂದರೆ ಎರಡು ಮಡಿಕೆ ಹಿಡಿದರೆ ಪಕ್ಕಕ್ಕೆ ಬಂದು ನಿಲ್ಲುತ್ತದೆ. ನಾನು ಹಿಡಿಯುವ ರೀತಿ ಹೀಗೆ: ತುದಿಯ ಕುಣಿಕೆಗೆ ಹೆಬ್ಬೆರಳು ಹಾಕಿ, ಉಳಿದ ಪಟ್ಟಿಯನ್ನು ಮಡಿಕೆ ಮಾಡಿ ಮುಷ್ಟಿಯಲ್ಲಿ ಹಿಡಿಯುವುದು. ಬೆರಳಿಗೆ, ಅಂಗೈಗೆ ಸುತ್ತಿಕೊಳ್ಳಬಾರದು. ಸುತ್ತಿಕೊಂಡು ಬೆರಳು ಮುರಿದುಕೊಂಡವರು ನಮ್ಮ ಸಂಬಂಧಿಕರಲ್ಲೇ ಇದ್ದಾರೆ. ಪಟ್ಟಿ ನಾಯಿಯ ಕತ್ತಿನಿಂದ ಸ್ವಲ್ಪ ಜೋತು ಬಿದ್ದಿರಬೇಕು. ಬೀದಿನಾಯಿಗಳು ಎದುರಾದಾಗ ನಮಗೆ ಹೆದರಿಕೆಯಾಗಿ ಪಟ್ಟಿ ಬಿಗಿ ಹಿಡಿಯುತ್ತೇವೆ. ಆ ಬಿಗಿ ನೇರವಾಗಿ ನಾಯಿಗೆ ಹೋಗುತ್ತದೆ, ಏನೋ ಆಗುತ್ತಿದೆ ಅಂತ ಅದೂ ಸಿಟ್ಟಾಗುತ್ತದೆ. ಸಡಿಲ ಬಿಟ್ಟು, ಮಾತಾಡದೆ, ನೇರ ಹೋಗದೆ ಸ್ವಲ್ಪ ಬಳಸಿಕೊಂಡು ಹೋದರೆ ಅವು ಹತ್ತು ಸಲ ಬೊಗಳಿ ತಮ್ಮ ಜಾಗಕ್ಕೆ ಹೋಗುತ್ತವೆ. ಬೀದಿನಾಯಿಗಳನ್ನು ಬೈಯುವುದು ಸುಲಭ, ಪಾಪ ಅವು ತಮ್ಮ ಬೀದಿ ಕಾಯುತ್ತವೆ.

ಇನ್ನೊಂದು ಉಪಯೋಗ ಬೆಲ್ಟು ಹಿಡಿದ ಮೇಲೇ ನನಗೆ ಅರ್ಥ ಆಗಿದ್ದು. ರಾತ್ರಿ ಎಗ್‌ರೈಸ್ ಗಾಡಿ ನಿಲ್ಲುವ ಜಾಗದಲ್ಲಿ ಬೆಳಿಗ್ಗೆ ಕೋಳಿ ಮೂಳೆ ಬಿದ್ದಿರುತ್ತದೆ. ಬೆಂದ ಮೂಳೆ ಚೂಪಾಗಿ ಸೀಳುತ್ತದೆ, ಗಂಟಲಿಗೋ ಕರುಳಿಗೋ ಚುಚ್ಚಿಕೊಳ್ಳುತ್ತದೆ. ಬಿಚ್ಚಿಬಿಟ್ಟ ನಾಯಿ ಏನು ತಿಂದಿತು ಅಂತ ನಿಮಗೆ ಗೊತ್ತೇ ಆಗುವುದಿಲ್ಲ. ಹಾಗೇ ಬೇಸಿಗೆಯಲ್ಲಿ ಹೊರಡುವ ಮುಂಚೆ ಅಂಗೈ ಹಿಂಭಾಗವನ್ನು ರಸ್ತೆಗೆ ಏಳು ಸೆಕೆಂಡ್ ಒತ್ತಿ ನೋಡಿ. ನಿಮಗೆ ತಡೆಯಲು ಆಗದಿದ್ದರೆ ಅದರ ಪಾದಕ್ಕೂ ಆಗುವುದಿಲ್ಲ. ಮಾರ್ಚಿಯಿಂದ ಮೇವರೆಗೆ ನಾವು ಆರು ಗಂಟೆಗೇ ಹೋಗಿ ಏಳಕ್ಕೆ ವಾಪಸ್. ಕುಂದುವಾಡ ಕೆರೆ ಏರಿಗೆ ಚೆನ್ನಿಯನ್ನು ಕರೆದುಕೊಂಡು ಹೋಗುವುದಿಲ್ಲ. ಅಲ್ಲಿ ವಾಕಿಂಗ್ ಮಾಡುವ ಜನ ಜಾಸ್ತಿ, ನೀರ ಹಕ್ಕಿಗಳೂ ಇವೆ, ಊರಿಗೆ ಕುಡಿಯುವ ನೀರು ಕೊಡುವ ಕೆರೆ ಅದು. ಬೆಲ್ಟು ಇದ್ದರೂ ಕೆಲವು ಜಾಗ ನಾಯಿಗೆ ಅಲ್ಲ ಅಂತ ನನ್ನ ಅಭಿಪ್ರಾಯ.

ಕೊರತೆಗಳು. ಮಳೆಯಲ್ಲಿ ಹತ್ತಿ ಪಟ್ಟಿ ನೀರು ಕುಡಿದು ಭಾರ ಆಗುತ್ತದೆ, ಒಣಗಲು ಒಂದೂವರೆ ದಿನ ಬೇಕು, ಅರೆ ಒಣಗಿದ್ದು ಇಟ್ಟರೆ ಮುಗ್ಗಲು ವಾಸನೆ. ಆದ್ದರಿಂದ ಆಷಾಢದಲ್ಲಿ ಇನ್ನೊಂದು ಜೊತೆ ಬೇಕೇ ಬೇಕು. ಮೊದಲ ಎರಡು ಒಗೆತಕ್ಕೆ ಬಣ್ಣ ಬಿಟ್ಟಿತು, ಬೇರೆ ಬಟ್ಟೆ ಜೊತೆ ಹಾಕಬೇಡಿ. ಹೊಸದರಲ್ಲಿ ಕುಣಿಕೆಯ ಅಂಚು ಒರಟು, ಒಂದು ವಾರ ಕೈ ಕೆಂಪಾಗುತ್ತಿತ್ತು, ಆಮೇಲೆ ಮೆತ್ತಗಾಯಿತು. ಹಿತ್ತಾಳೆ ಕಪ್ಪಾಗುತ್ತದೆ, ಹುಣಸೆಹಣ್ಣಲ್ಲಿ ತಿಕ್ಕಿದರೆ ಸರಿ. ಕತ್ತಲಲ್ಲಿ ಹೊಳೆಯುವ ಪಟ್ಟಿ ಇಲ್ಲ. ಸಂಜೆ ಹೋಗುವವರಿಗೆ ಇದು ದೊಡ್ಡ ಕೊರತೆಯೇ, ಬೈಕಿನವರಿಗೆ ನಾಯಿಯೂ ಕಾಣುವುದಿಲ್ಲ ಪಟ್ಟಿಯೂ ಕಾಣುವುದಿಲ್ಲ. ನಾನು ಹೊಳೆಯುವ ಟೇಪು ತಂದು ಎರಡು ಕಡೆ ಹೊಲಿಸಿಕೊಂಡೆ, 30 ರೂಪಾಯಿ. ತಿಂಗಳಿಗೊಮ್ಮೆ ಕೊಂಡಿಯ ಸ್ಪ್ರಿಂಗ್ ಒತ್ತಿ ನೋಡುತ್ತೇನೆ, ಮರಳು ಸೇರಿದ್ದರೆ ತೊಳೆದು ಒಂದು ಹನಿ ಎಣ್ಣೆ ಬಿಡುತ್ತೇನೆ. ಎಂಟು ತಿಂಗಳಲ್ಲಿ ಹೊಲಿಗೆಯ ಒಂದು ಎಳೆಯೂ ಎದ್ದಿಲ್ಲ. ಆ ನಡುವೆ ಚೆನ್ನಿ ಐದಾರು ಸಲ ಜೋರಾಗಿಯೇ ಎಗರಿದ್ದಾಳೆ, ಒಂದು ಸಲ ಅಂತೂ ನನ್ನ ಭುಜ ಎರಡು ದಿನ ನೋಯಿತು. ಬೆಲ್ಟು ಹಾಗೇ ಇದೆ.

ಲ್ಯಾಬ್ರಡಾರ್ ಮನೆಯವರು ಹೋದ ತಿಂಗಳು ಬಂದು ಅಂಗಡಿ ಎಲ್ಲಿ ಅಂತ ಕೇಳಿದರು. ಜೊತೆಗೇ ಹೋದೆವು. ಅವರ ನಾಯಿ 34 ಕೆಜಿ, ಅದಕ್ಕೆ ಕೊಂಡಿ ಒಂದು ಸೈಜು ದೊಡ್ಡದು ಹಾಕಿದರು, 460 ಆಯಿತು. ನೀವೂ ಹೋಗುವುದಾದರೆ ಭಾನುವಾರ ಮಧ್ಯಾಹ್ನದ ಮೇಲೆ ಅಂಗಡಿ ಇರುವುದಿಲ್ಲ. ನಾಯಿಯ ತೂಕ, ಕತ್ತಿನ ಸುತ್ತಳತೆ, ಕಿವಿಯ ಹತ್ತಿರ ತಲೆಯ ಸುತ್ತಳತೆ ಮೂರನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಯಜಮಾನರಿಗೆ ಸ್ವಲ್ಪ ಕಿವಿ ಕೇಳಿಸುವುದಿಲ್ಲ, ಚೀಟಿ ಇದ್ದರೆ ಅನುಕೂಲ.